ದೂರದ ಸವಾರಿಗೆ ಗುಡ್ಡಗಾಡಿನ ಸೈಕಲ್ : ಆಯ್ಕೆಯ ಕೆಲವು ವಿಚಾರಗಳು

ಹಿಮಾಚಲ ಪ್ರದೇಶದ ಮನಾಲಿಯಿಂದ ಲಡಾಖಿನ ಲೇಹ್ ಪಟ್ಟಣಕ್ಕೆ ಹೋಗುವ ಹೆದ್ದಾರಿಯು ರೋಹತಾಂಗ್ ಘಟ್ಟವನ್ನು ಹತ್ತಿ ಇಳಿಯುವ ಹಳೆಯ ದಾರಿಯಲ್ಲಿ ಸುಮಾರು 475 ಕಿಲೋಮೀಟರ್ ಉದ್ದವಿದೆ. 2020ರಲ್ಲಿ ಅಟಲ್ ಸುರಂಗವು ತೆರೆದ ಮೇಲೆ ಮೋಟಾರು ವಾಹನಗಳಿಗೆ ರೋಹತಾಂಗ್ ಅನಿವಾರ್ಯವಾಗಿ ಉಳಿದಿಲ್ಲವಾದರೂ ಮುಂದಿನ ಬಾರಾಲಾಚಾ ಲಾ, ನಕೀ ಲಾ, ಲಾಚುಲುಂಗ್ ಲಾ ಮತ್ತು ತಂಗ್ಲಾಂಗ್ ಲಾ ಎಂಬ ನಾಲ್ಕು ಘಟ್ಟಗಳನ್ನು ತಪ್ಪಿಸುವಂತಿಲ್ಲ. ಕೊನೆಯದರ ಎತ್ತರ ಸುಮಾರು 5,300 ಮೀಟರ್. ಬೇಸಿಗೆಯಲ್ಲಿ ಹಿಮ ಕರಗಿ ರಸ್ತೆ ತೆರೆಯಿತೆಂದರೆ ಮುಂಬಯಿ, ಪುಣೆ, ದೆಹಲಿ ಮುಂತಾದ ನಗರಗಳಿಂದ ಸೈಕಲ್ ಸವಾರರು ಇಲ್ಲಿಗೆ ಬಂದು ಎಂಟು ಹತ್ತು ದಿನಗಳಲ್ಲಿ ಈ ದಾರಿಯನ್ನು ಕ್ರಮಿಸುತ್ತಾರೆ. ಅವರಲ್ಲಿ ವೃತ್ತಿಪರ ಕ್ರೀಡಾಪಟುಗಳು ವಿರಳ. ವರ್ಷವಿಡೀ ಕುರ್ಚಿಯ ಮೇಲೆ ಕುಳಿತು ದುಡಿಯುವ, ನಲವತ್ತು ದಾಟಿದ, ವೈದ್ಯರಿಂದ 'ಸ್ವಲ್ಪ ವ್ಯಾಯಾಮ ಮಾಡಿ' ಎಂಬ ಮಾತನ್ನು ಕೇಳಿಸಿಕೊಂಡ ಗೃಹಸ್ಥರೂ ಬೇಕಾದಷ್ಟು ಮಂದಿ ಇರುತ್ತಾರೆ.

ಇಂತಹ ಸವಾರಿಗೆಂದು ಸೈಕಲ್ ಕೊಳ್ಳುವವರು ಸಾಮಾನ್ಯವಾಗಿ ಅದನ್ನು ಅಂಗಡಿಯ ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ ನೋಡುತ್ತಾರೆ. ಎತ್ತಿ ನೋಡಿ ಹಗುರವೆನ್ನುತ್ತಾರೆ, ಮುಂದಿನ ಸ್ಪ್ರಿಂಗನ್ನು ಒತ್ತಿ ನೋಡಿ ಮೃದುವೆನ್ನುತ್ತಾರೆ, ಇಪ್ಪತ್ತೊಂದು ಗೇರು ಎಂಬುದನ್ನು ಕೇಳಿ ಸಂತೋಷಪಡುತ್ತಾರೆ. ದೂರದ ಸವಾರಿಯಲ್ಲಿ ಈ ಮೂರೂ ಎರಡನೆಯ ದರ್ಜೆಯ ಸಂಗತಿಗಳು. ಸೈಕಲನ್ನು ಆರಿಸಬೇಕಾದುದು ಇಡೀ ಪ್ರಯಾಣದ ಅತ್ಯಂತ ನಿಧಾನವಾದ ಗಂಟೆಯನ್ನು ಮನಸ್ಸಿನಲ್ಲಿಟ್ಟುಕೊಂಡು. ಆರನೆಯ ದಿನದ ಮಧ್ಯಾಹ್ನ, ಎದುರುಗಾಳಿಯಲ್ಲಿ, ಸಾಮಾನು ಹೇರಿಕೊಂಡು, ಉಸಿರಿಗೆ ತತ್ವಾರವಾಗಿರುವಾಗ ಏರನ್ನು ಹತ್ತುವ ಆ ಗಂಟೆಯಲ್ಲಿ ಸವಾರನ ಮಂಡಿ, ಬೆನ್ನು, ಅಂಗೈಗಳನ್ನು ಯಾವ ಸೈಕಲು ಕೆಡಿಸುವುದಿಲ್ಲವೋ ಅದೇ ತಕ್ಕ ಸೈಕಲು.

'ಮೌಂಟನ್ ಬೈಕ್' ಎಂದು ಕರೆಯಲಾಗುವ ಈ ಗುಡ್ಡಗಾಡಿನ ಸೈಕಲಿನ ಹುಟ್ಟನ್ನು ನೋಡಿದರೆ ಗೊಂದಲಕ್ಕೆ ಕಾರಣ ತಿಳಿಯುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಜಿಲ್ಲೆಯಲ್ಲಿ, ತಮಾಲ್ಪೈಸ್ ಪರ್ವತದ ಸುತ್ತಮುತ್ತ, 1970ರ ದಶಕದಲ್ಲಿ ಕೆಲವು ತರುಣರು ಹಳೆಯ ಭಾರದ ಸೈಕಲ್‌ಗಳನ್ನು ಗುಡ್ಡದ ಮಣ್ಣುದಾರಿಯಲ್ಲಿ ವೇಗವಾಗಿ ಕೆಳಗೆ ಓಡಿಸುವ ಆಟವನ್ನು ಆರಂಭಿಸಿದರು. ಅಲ್ಲಿ 1976ರಲ್ಲಿ ಮೊದಲಾದ ಒಂದು ಪಂದ್ಯಕ್ಕೆ 'ರಿಪ್ಯಾಕ್' ಎಂದು ಹೆಸರು. ಇಳಿದು ಮುಗಿಯುವಷ್ಟರಲ್ಲಿ ಹಿಂದಿನ ಚಕ್ರದ ಬ್ರೇಕಿನೊಳಗಿನ ಗ್ರೀಸೆಲ್ಲ ಸುಟ್ಟು ಹೊಗೆಯಾಗುತ್ತಿದ್ದುದರಿಂದ ಮತ್ತೆ ಗ್ರೀಸು ತುಂಬಬೇಕಾಗುತ್ತಿತ್ತು. ಹೆಸರು ಬಂದದ್ದು ಹಾಗೆ. ಆ ಪಂದ್ಯದ ಸವಾರರಲ್ಲಿ ಒಬ್ಬರಾದ ಜೋ ಬ್ರೀಜ್ ಅವರು ಇದೇ ಉಪಯೋಗಕ್ಕೆಂದು ಹೊಸ ಫ್ರೇಮುಗಳನ್ನು ನಿರ್ಮಿಸಿದರು. 1981ರ ಹೊತ್ತಿಗೆ ಕಾರ್ಖಾನೆಯಲ್ಲಿ ತಯಾರಾದ 'ಸ್ಟಂಪ್‌ಜಂಪರ್' ಮಾರುಕಟ್ಟೆಗೆ ಬಂದಿತು. ಅಂದರೆ, ಈ ಸೈಕಲ್ ಹುಟ್ಟಿದ್ದು ಬೆಟ್ಟವನ್ನು ಇಳಿಯುವುದಕ್ಕೆ. ಸ್ಪ್ರಿಂಗು, ಅಗಲವಾದ ಹ್ಯಾಂಡಲ್ ಇತ್ಯಾದಿಗಳ ಬಗ್ಗೆ ಅಂಗಡಿಗಳಲ್ಲಿ ನಡೆಯುವ ಪ್ರಚಾರಕ್ಕೆಲ್ಲ ಮೂಲ ಅಲ್ಲಿದೆ. ಲೇಹ್‌ನ ದಾರಿ ಹಿಡಿದವನಾದರೋ ದಿನದ ಹೆಚ್ಚಿನ ಕಾಲವನ್ನು ಹತ್ತುವುದರಲ್ಲಿಯೇ ಕಳೆಯುತ್ತಾನೆ.

ಆದುದರಿಂದ ಮೊದಲು ಗೇರಿನ ಲೆಕ್ಕ. ಈ ಲೆಕ್ಕಕ್ಕೆ ಪ್ರಾಥಮಿಕ ಶಾಲೆಯ ಗುಣಾಕಾರ, ಭಾಗಾಕಾರಗಳಿಗಿಂತ ಹೆಚ್ಚಿನದೇನೂ ಬೇಡ. ಪೆಡಲಿನ ಬಳಿಯ ಹಲ್ಲುಚಕ್ರದ ಹಲ್ಲುಗಳನ್ನು ಹಿಂದಿನ ಹಲ್ಲುಚಕ್ರದ ಹಲ್ಲುಗಳಿಂದ ಭಾಗಿಸಿ, ಬಂದುದನ್ನು ಚಕ್ರದ ಸುತ್ತಳತೆಯಿಂದ ಗುಣಿಸಿದರೆ, ಪೆಡಲು ಒಂದು ಸುತ್ತು ತಿರುಗಿದಾಗ ಸೈಕಲ್ ಎಷ್ಟು ದೂರ ಮುಂದೆ ಸಾಗುತ್ತದೆಂಬುದು ತಿಳಿಯುತ್ತದೆ. ಏರಿನಲ್ಲಿ ಸವಾರನ ವೇಗ ಗಂಟೆಗೆ 6 ಕಿಲೋಮೀಟರ್, ಅಂದರೆ ನಿಮಿಷಕ್ಕೆ 100 ಮೀಟರ್ ಎಂದು ಇಟ್ಟುಕೊಳ್ಳೋಣ. ಊರಿನಲ್ಲಿ ಹಾಲಿನವನು ಓಡಿಸುತ್ತಿದ್ದಂತಹ ಸಾಧಾರಣ ಸೈಕಲಿಗೆ ಮುಂದೆ 44, ಹಿಂದೆ 18 ಹಲ್ಲುಗಳಿದ್ದರೆ, ಸುತ್ತಳತೆ 2.2 ಮೀಟರಾದಾಗ, ಒಂದು ಸುತ್ತಿಗೆ ಸುಮಾರು 5.4 ಮೀಟರ್, ನಿಮಿಷಕ್ಕೆ ಹದಿನೆಂಟು ಹತ್ತೊಂಬತ್ತು ಸುತ್ತು ಮಾತ್ರ. ಆ ಗತಿಯಲ್ಲಿ ಯಾರೂ ಘಟ್ಟ ಹತ್ತಲಾರರು. ಇಳಿದು ತಳ್ಳುವುದೇ ಗತಿ. ಕಡಿಮೆ ಬೆಲೆಯ ಇಪ್ಪತ್ತೊಂದು ಗೇರಿನ ಸೈಕಲಿನಲ್ಲಿ ಸಾಮಾನ್ಯವಾಗಿ ಮುಂದಿನ ಅತಿ ಚಿಕ್ಕ ಚಕ್ರಕ್ಕೆ 24, ಹಿಂದಿನ ಅತಿ ದೊಡ್ಡ ಚಕ್ರಕ್ಕೆ 28 ಹಲ್ಲುಗಳಿರುತ್ತವೆ. ಅದರಲ್ಲಿ ಒಂದು ಸುತ್ತಿಗೆ 1.9 ಮೀಟರ್, ನಿಮಿಷಕ್ಕೆ 53 ಸುತ್ತು. ಮುಂದೆ ಒಂದೇ ಚಕ್ರ, ಅದಕ್ಕೆ 32 ಹಲ್ಲು, ಹಿಂದಿನ ದೊಡ್ಡ ಚಕ್ರಕ್ಕೆ 51 ಹಲ್ಲು ಇರುವ ಸೈಕಲಿಗೆ ಗೇರುಗಳು ಹನ್ನೆರಡೇ. ಆದರೆ ಚಕ್ರ ತುಸು ದೊಡ್ಡದಿದ್ದು ಸುತ್ತಳತೆ 2.3 ಮೀಟರಾದರೂ ಒಂದು ಸುತ್ತಿಗೆ 1.44 ಮೀಟರ್, ನಿಮಿಷಕ್ಕೆ 69 ಸುತ್ತು.

ಮೂವರೂ ಮಾಡುವ ಕೆಲಸ ಒಂದೇ. ಆದರೆ ಅದನ್ನು ಹದಿನೆಂಟು ತುಳಿತಗಳಲ್ಲಿ ಮುಗಿಸುವವನು ಪ್ರತಿ ತುಳಿತಕ್ಕೂ ಮೂರನೆಯವನ ಮೂರೂವರೆ ಪಟ್ಟಿಗಿಂತ ಹೆಚ್ಚು ಒತ್ತಡವನ್ನು ಹಾಕಬೇಕು. ಎರಡನೆಯವನಿಗೂ ಮೂರನೆಯವನಿಗಿಂತ ಸುಮಾರು ಶೇಕಡಾ 30ರಷ್ಟು ಹೆಚ್ಚು ಒತ್ತಡ ಬೇಕಾಗುತ್ತದೆ. ದಿನಕ್ಕೆ ಐದಾರು ಗಂಟೆ ಹತ್ತಿದರೆ ಪ್ರತಿ ಮಂಡಿಯೂ ಹದಿನೈದು ಇಪ್ಪತ್ತು ಸಾವಿರ ಬಾರಿ ಮಡಚಿ ಚಾಚುತ್ತದೆ. ಪ್ರತಿ ಬಾರಿಯೂ ಶೇಕಡಾ 30ರಂತೆ ಹೆಚ್ಚುವರಿ ಭಾರವನ್ನು ಹೊತ್ತ ಮಂಡಿಯ ಚಿಪ್ಪಿನ ಸುತ್ತ ನಾಲ್ಕನೆಯ ದಿನಕ್ಕೆ ನೋವು ಕಾಣಿಸಿಕೊಂಡರೆ ಆಶ್ಚರ್ಯವಿಲ್ಲ. ಹೀಗೆ ನೊಂದ ಮಂಡಿಯು ಊರಿಗೆ ಮರಳಿದ ಮೇಲೂ ತಿಂಗಳುಗಟ್ಟಲೆ ಮೆಟ್ಟಿಲು ಹತ್ತುವಾಗ ನೆನಪು ಮಾಡಿಕೊಡುತ್ತಿರುತ್ತದೆ. ಗೇರುಗಳ ಒಟ್ಟು ಸಂಖ್ಯೆಯನ್ನು ಕೇಳುವುದಕ್ಕಿಂತ, ಮುಂದಿನ ಚಿಕ್ಕ ಚಕ್ರವು ಹಿಂದಿನ ದೊಡ್ಡ ಚಕ್ರದ ಮೂರರಲ್ಲಿ ಎರಡು ಪಾಲಿಗೆ ಮೀರಿದೆಯೇ ಎಂದು ಹಲ್ಲುಗಳನ್ನು ಎಣಿಸಿ ನೋಡುವುದು ಲೇಸು. ಮೀರಿದ್ದರೆ ಹಿಂದಿನ ಹಲ್ಲುಚಕ್ರಗಳನ್ನು ಬದಲಾಯಿಸಿಕೊಡುವಂತೆ ಕೊಳ್ಳುವ ಮುನ್ನವೇ ಅಂಗಡಿಯವರೊಡನೆ ಮಾತನಾಡಿಕೊಳ್ಳಬಹುದು.

ಇನ್ನು ತೂಕದ ಮಾತು. ಎಪ್ಪತ್ತು ಕಿಲೋ ತೂಗುವ ಸವಾರ, ಹದಿನೈದು ಕಿಲೋ ಸೈಕಲ್, ಹದಿನೈದು ಕಿಲೋ ಸಾಮಾನು ಮತ್ತು ನೀರು ಸೇರಿದರೆ ಸರಿಯಾಗಿ ನೂರು ಕಿಲೋ. ಇದನ್ನು ನೂರು ಮೀಟರಿಗೆ ಆರು ಮೀಟರ್ ಏಳುವ ರಸ್ತೆಯಲ್ಲಿ ಗಂಟೆಗೆ 6 ಕಿಲೋಮೀಟರಿನಂತೆ ಒಯ್ಯಲು ಸುಮಾರು 115 ವ್ಯಾಟ್ ಶಕ್ತಿ ಬೇಕು. ಸಾವಿರಾರು ರೂಪಾಯಿಗಳನ್ನು ಹೆಚ್ಚಾಗಿ ತೆತ್ತು ಎರಡು ಕಿಲೋ ಹಗುರವಾದ ಸೈಕಲನ್ನು ತಂದರೆ ಉಳಿತಾಯವಾಗುವುದು ಎರಡೇ ವ್ಯಾಟ್ ಚಿಲ್ಲರೆ. ಅದೇ ಎರಡು ಕಿಲೋಗಳನ್ನು ಸವಾರನು ತನ್ನ ಹೊಟ್ಟೆಯಿಂದ ಇಳಿಸಿಕೊಂಡರೆ ಖರ್ಚಿಲ್ಲ, ರಕ್ತದೊತ್ತಡಕ್ಕೂ ಒಳ್ಳೆಯದು.

ಸ್ಪ್ರಿಂಗಿನ ವಿಷಯದಲ್ಲಿ ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ಚೆನ್ನಾಗಿ ಒಪ್ಪುತ್ತದೆ. ಅಗ್ಗದ ಸೈಕಲ್‌ಗಳ ಮುಂದಿನ ಸ್ಪ್ರಿಂಗ್ ಫೋರ್ಕ್ ಎರಡೂವರೆ ಕಿಲೋದಷ್ಟು ತೂಗುತ್ತದೆ ; ಸ್ಪ್ರಿಂಗಿಲ್ಲದ ಉಕ್ಕಿನ ಫೋರ್ಕ್ ಅದರ ಅರ್ಧವೂ ಇಲ್ಲ. ಹಿಂದೆಯೂ ಸ್ಪ್ರಿಂಗ್ ಇರುವ ಸೈಕಲ್ ಈ ಉದ್ದೇಶಕ್ಕೆ ಬೇಡವೇ ಬೇಡ. ಅದಕ್ಕೆ ಕ್ಯಾರಿಯರ್ ಕೂರಿಸುವುದು ಕಷ್ಟ, ಕೀಲುಗಳು ಹೆಚ್ಚಿದಷ್ಟೂ ಕೆಡುವ ಜಾಗಗಳು ಹೆಚ್ಚು. ಮುಂದೆ ಸ್ಪ್ರಿಂಗ್ ಬೇಕೆನ್ನುವವರು ಏರಿನಲ್ಲಿ ಅದನ್ನು ಬಿಗಿದು ನಿಲ್ಲಿಸುವ ಕೀಲಿ ಇರುವುದನ್ನೇ ಆರಿಸಬೇಕು. ಇಲ್ಲವಾದರೆ ಎದ್ದು ನಿಂತು ತುಳಿದಾಗಲೆಲ್ಲ ಶ್ರಮದ ಒಂದಂಶ ಸ್ಪ್ರಿಂಗನ್ನು ಕುಣಿಸುವುದಕ್ಕೇ ವ್ಯಯವಾಗುತ್ತದೆ. ಕುಲುಕಾಟವನ್ನು ತಗ್ಗಿಸುವ ಕೆಲಸವನ್ನು ಎರಡು ಅಂಗುಲಕ್ಕೆ ಕಡಿಮೆಯಿಲ್ಲದ ಅಗಲದ ಟೈರು, ಗಾಳಿಯನ್ನು ಕಲ್ಲಿನಂತೆ ತುಂಬದೆ ಹದವಾಗಿ ಇಟ್ಟರೆ, ಬಹುಮಟ್ಟಿಗೆ ತಾನೇ ಮಾಡುತ್ತದೆ.

ದೇಹಕ್ಕೆ ಒಪ್ಪುವ ಅಳತೆಯು ಗೇರಿನಷ್ಟೇ ಮುಖ್ಯವಾದುದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಬುದ್ಧಿವಾದ ಇಲ್ಲಿ ತಿರುಗುಮುರುಗಾಗುತ್ತದೆ. ಕಾಲಿನ ಉದ್ದವನ್ನು ನೋಡಿ ಸೈಕಲನ್ನು ತರಬೇಕು. ಬರಿಗಾಲಲ್ಲಿ ಗೋಡೆಗೆ ಬೆನ್ನಿಟ್ಟು ನಿಂತು, ದಪ್ಪ ರಟ್ಟಿನ ಒಂದು ಲೆಡ್ಜರ್ ಪುಸ್ತಕವನ್ನು ತೊಡೆಸಂದಿಗೆ ತಾಗುವಂತೆ ಮೇಲಕ್ಕೊತ್ತಿ ಹಿಡಿದು, ನೆಲದಿಂದ ಅದರ ಮೇಲಂಚಿನವರೆಗಿನ ಎತ್ತರವನ್ನು ಅಳೆಯಬೇಕು. ಇದನ್ನು 0.883ರಿಂದ ಗುಣಿಸಿದರೆ ಪೆಡಲಿನ ಅಚ್ಚಿನ ಮಧ್ಯದಿಂದ ಸೀಟಿನ ಮೇಲ್ಭಾಗದವರೆಗೆ ಇರಬೇಕಾದ ಅಂತರ ಹೆಚ್ಚುಕಡಿಮೆ ಸಿಗುತ್ತದೆ. 80 ಸೆಂಟಿಮೀಟರ್ ಕಾಲಿಗೆ ಸುಮಾರು 70.6 ಸೆಂಟಿಮೀಟರ್. ಇದು ಆರಂಭದ ಅಳತೆ ಮಾತ್ರ. ಮಂಡಿಯ ಮುಂಭಾಗ ನೊಂದರೆ ಸೀಟು ತಗ್ಗಾಗಿದೆಯೆಂದೂ ಹಿಂಭಾಗ ಎಳೆದಂತಾದರೆ ಎತ್ತರವಾಗಿದೆಯೆಂದೂ ತಿಳಿದು ಅರ್ಧರ್ಧ ಸೆಂಟಿಮೀಟರಿನಂತೆ ಸರಿಪಡಿಸಿಕೊಳ್ಳಬೇಕು. ಸೈಕಲ್ ದಾಟಿ ನಿಂತಾಗ ಫ್ರೇಮಿನ ಮೇಲಿನ ಕೊಳವೆಗೂ ದೇಹಕ್ಕೂ ನಡುವೆ ಕನಿಷ್ಠ ಎರಡು ಅಂಗುಲ ಜಾಗವಿರಬೇಕು. 'ಮಗನಿಗೂ ಆಗುತ್ತದೆ' ಎಂಬ ದೂರದೃಷ್ಟಿಯಿಂದ ಒಂದು ಅಳತೆ ದೊಡ್ಡದನ್ನು ಕೊಳ್ಳುವ ಅಭ್ಯಾಸ ಶಾಲೆಯ ಸಮವಸ್ತ್ರಕ್ಕೆ ಸರಿ, ಇದಕ್ಕೆ ಸಲ್ಲದು.

ಕುಳಿತಾಗ ದೇಹದ ಭಾರವನ್ನು ಹೊರಬೇಕಾದುದು ಸೊಂಟದ ಕೆಳಗಿನ ಎರಡು ಮೂಳೆಗಳು. ಬಹಳ ಮೆತ್ತಗಿನ ಸೀಟಿನಲ್ಲಿ ಆ ಮೂಳೆಗಳು ಹುದುಗಿ, ನಡುವಿನ ಮೃದುವಾದ ಭಾಗದ ನರ ಮತ್ತು ರಕ್ತನಾಳಗಳ ಮೇಲೆ ಒತ್ತಡ ಬೀಳುತ್ತದೆ. ಆ ಭಾಗ ಜೋಮು ಹಿಡಿದರೆ ನಾಚಿಕೆಯಿಂದ ಮುಚ್ಚಿಟ್ಟುಕೊಂಡು ಮುಂದುವರಿಯುವವರೇ ಹೆಚ್ಚು. ಹಾಗೆ ಮಾಡಬಾರದು, ಸೀಟಿನ ಮೂತಿಯನ್ನು ಸಮತಟ್ಟಾಗಿಸಿ ನೋಡಬೇಕು, ಮೂಳೆಗಳ ಅಂತರಕ್ಕೆ ಒಪ್ಪುವ, ತುಸು ಗಟ್ಟಿಯಾದ ಬೇರೆ ಸೀಟನ್ನು ಹಾಕಿಸಬೇಕು, ಜೋಮು ಉಳಿದುಕೊಂಡರೆ ವೈದ್ಯರಿಗೆ ತಿಳಿಸಬೇಕು. ಕೈಗಳದ್ದೂ ಇದೇ ಕಥೆ. ಗುಡ್ಡಗಾಡಿನ ಸೈಕಲಿನ ನೆಟ್ಟಗಿನ ಹ್ಯಾಂಡಲಿನಲ್ಲಿ ಕೈಯಿಡಲು ಒಂದೇ ಭಂಗಿ. ದಿನವಿಡೀ ಅದೇ ಜಾಗವನ್ನು ಒತ್ತಿದರೆ ಅಂಗೈಯ ಹೊರಬದಿಯಲ್ಲಿ ಸಾಗುವ ಅಲ್ನಾರ್ ನರ ನಲುಗಿ ಕಿರುಬೆರಳೂ ಉಂಗುರದ ಬೆರಳೂ ಮರಗಟ್ಟುತ್ತವೆ. ಹ್ಯಾಂಡಲಿನ ತುದಿಗಳಿಗೆ ಕೊಂಬಿನಂತಹ ಹಿಡಿಗಳನ್ನು ಸೇರಿಸಿದರೆ ಭಂಗಿಯನ್ನು ಬದಲಿಸುತ್ತಿರಬಹುದು. ವೆಚ್ಚ ಅಲ್ಪ, ಉಪಕಾರ ದೊಡ್ಡದು.

ಬ್ರೇಕು ಡಿಸ್ಕ್ ಮಾದರಿಯದಿರಲಿ. ಮಧ್ಯಾಹ್ನದ ವೇಳೆಗೆ ಹಿಮ ಕರಗಿ ರಸ್ತೆಗೆ ಅಡ್ಡಲಾಗಿ ಹರಿಯುವ ನಾಲೆಗಳನ್ನು ದಾಟಿದ ಮೇಲೆ ಒದ್ದೆ ರಿಮ್ಮನ್ನು ಹಿಡಿಯುವ ರಬ್ಬರ್ ಬ್ರೇಕಿಗೆ ಭರವಸೆಯಿಲ್ಲ. ಡಿಸ್ಕಿನಲ್ಲಿಯೂ ಎಣ್ಣೆಯಿಂದ ನಡೆಯುವುದು ಬೆರಳಿಗೆ ಸುಲಭ, ತಂತಿಯಿಂದ ನಡೆಯುವುದು ದಾರಿಯಲ್ಲಿ ರಿಪೇರಿಗೆ ಸುಲಭ. ಕೇಲಾಂಗ್ ದಾಟಿದ ಮೇಲೆ ಲೇಹ್‌ವರೆಗೆ ಸೈಕಲ್ ಅಂಗಡಿಯನ್ನು ನಿರೀಕ್ಷಿಸುವಂತಿಲ್ಲವಾದುದರಿಂದ, ತಾನೇ ರಿಪೇರಿ ಮಾಡಿಕೊಳ್ಳುವವನಿಗೆ ತಂತಿಯದೇ ವಾಸಿ. ಫ್ರೇಮು ಉಕ್ಕಿನದೋ ಅಲ್ಯೂಮಿನಿಯಮಿನದೋ ಎಂಬ ಚರ್ಚೆಗೆ ಕೊನೆಯಿಲ್ಲ. ಕ್ಯಾರಿಯರ್ ಮತ್ತು ನೀರಿನ ಸೀಸೆಗಳನ್ನು ಬಿಗಿಯಲು ತಿರುಪಿನ ತೂತುಗಳಿವೆಯೇ ಎಂದು ನೋಡಿಕೊಂಡರೆ ಸಾಕು.

ಸೈಕಲ್ ಎಷ್ಟೇ ಒಳ್ಳೆಯದಾದರೂ ಗಾಳಿಯನ್ನು ದಟ್ಟವಾಗಿಸಲಾರದು. 5,000 ಮೀಟರ್ ಎತ್ತರದಲ್ಲಿ ವಾಯುವಿನ ಒತ್ತಡವು ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. 3,000 ಮೀಟರ್ ದಾಟಿದ ಮೇಲೆ ಮಲಗುವ ಸ್ಥಳವು ಹಿಂದಿನ ರಾತ್ರಿಗಿಂತ 500 ಮೀಟರಿಗೆ ಹೆಚ್ಚು ಎತ್ತರವಿರದಂತೆಯೂ ಮೂರು ನಾಲ್ಕು ದಿನಗಳಿಗೊಮ್ಮೆ ವಿಶ್ರಾಂತಿ ಇರುವಂತೆಯೂ ನೋಡಿಕೊಳ್ಳಬೇಕೆಂದು ವೈದ್ಯರು ಹೇಳುತ್ತಾರೆ. ಈ ರಸ್ತೆಯ ತಂಗುದಾಣಗಳು ಈ ನಿಯಮಕ್ಕೆ ಸುಲಭವಾಗಿ ಹೊಂದುವುದಿಲ್ಲ. ಆದುದರಿಂದ ಮನಾಲಿ ಮತ್ತು ಕೇಲಾಂಗ್‌ಗಳಲ್ಲಿ ಹೆಚ್ಚು ದಿನ ಕಳೆಯುವುದು ಜಾಣತನ. ತಲೆನೋವು, ವಾಂತಿ, ತೂರಾಟ ಕಂಡರೆ ಕೆಳಗಿಳಿಯುವುದೇ ಚಿಕಿತ್ಸೆ. ನಲವತ್ತು ದಾಟಿದವರು ಸೈಕಲ್ ಅಂಗಡಿಗೆ ಹೋಗುವ ಮೊದಲೇ ಹೃದಯ ಮತ್ತು ರಕ್ತದೊತ್ತಡದ ತಪಾಸಣೆ ಮಾಡಿಸಿಕೊಳ್ಳತಕ್ಕದ್ದು.

ಕೊಂಡ ಸೈಕಲನ್ನು ಹಿಮಾಲಯದಲ್ಲಿಯೇ ಮೊದಲ ಬಾರಿಗೆ ಪರೀಕ್ಷಿಸಬೇಕಾದ ಅಗತ್ಯವೇನೂ ಇಲ್ಲ. ಪುಣೆಯವರಿಗೆ ಸಿಂಹಗಡದ ರಸ್ತೆಯಿದೆ. ಮುಂಬಯಿಯವರಿಗೆ ಖೋಪೋಲಿಯಿಂದ ಖಂಡಾಲಕ್ಕೆ ಹತ್ತುವ ಹಳೆಯ ಹೆದ್ದಾರಿಯಿದೆ (ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಸೈಕಲಿಗೆ ಪ್ರವೇಶವಿಲ್ಲ). ಚೆನ್ನೈಯವರು ಹದಿನಾಲ್ಕು ತಿರುವುಗಳ ಯಲಗಿರಿಗೆ, ಹೈದರಾಬಾದಿನವರು ವಿಕಾರಾಬಾದಿನ ಅನಂತಗಿರಿಗೆ ಹೋಗಬಹುದು. ದೆಹಲಿಯವರು ಮಾತ್ರ ಡೆಹ್ರಾಡೂನಿನವರೆಗೆ ಪಯಣಿಸಿ ಮಸ್ಸೂರಿಯ ದಾರಿ ಹಿಡಿಯಬೇಕು. ಲೇಹ್‌ಗೆ ಒಯ್ಯಲಿರುವ ಸಾಮಾನನ್ನು ಪೂರ್ತಿ ಹೇರಿಕೊಂಡು, ಎರಡು ದಿನ ಸತತವಾಗಿ ಹತ್ತಿ ನೋಡಬೇಕು. ಮೊದಲ ದಿನ ಯಾವ ಸೈಕಲ್ಲಾದರೂ ಚೆನ್ನಾಗಿಯೇ ಓಡುತ್ತದೆ. ಅದರ ನಿಜವಾದ ಗುಣ ಎರಡನೆಯ ಬೆಳಿಗ್ಗೆ ಸೀಟಿನ ಮೇಲೆ ಮತ್ತೆ ಕುಳಿತಾಗ ತಿಳಿಯುತ್ತದೆ.

ಹಿಂದಿನ ಚಕ್ರದ ಬಳಿ, ಗೇರು ಬದಲಿಸುವ ತೋಳನ್ನು ಫ್ರೇಮಿಗೆ ಜೋಡಿಸುವ ಹೆಬ್ಬೆರಳುದ್ದದ ಅಲ್ಯೂಮಿನಿಯಮ್ ತುಂಡೊಂದಿರುತ್ತದೆ. ಹ್ಯಾಂಗರ್ ಎಂದು ಅದಕ್ಕೆ ಹೆಸರು. ಸೈಕಲ್ ಬಿದ್ದಾಗ, ಅಥವಾ ರೈಲಿನ ಪಾರ್ಸೆಲ್ ಡಬ್ಬಿಯಲ್ಲಿ ಅದರ ಮೇಲೆ ಮೂಟೆಗಳು ಬಿದ್ದಾಗ, ಫ್ರೇಮು ಉಳಿಯಲೆಂದೇ ಮೊದಲು ಬಾಗುವಂತೆ ಅಥವಾ ಮುರಿಯುವಂತೆ ಅದನ್ನು ಮಾಡಿರುತ್ತಾರೆ. ಅದು ಮುರಿದರೆ ಒಂದು ಗೇರೂ ಕೆಲಸ ಮಾಡದು. ಅದರ ಆಕಾರ ಹೆಚ್ಚಾಗಿ ಒಂದೊಂದು ಕಂಪನಿಯ ಒಂದೊಂದು ಮಾದರಿಗೂ ಬೇರೆ. ಒಂದರದು ಸಾಮಾನ್ಯವಾಗಿ ಇನ್ನೊಂದಕ್ಕೆ ಕೂರುವುದಿಲ್ಲ. ಮಾದರಿಗಳು ಬದಲಾಗುತ್ತಲೇ ಇರುವುದರಿಂದ, ಸೈಕಲ್ ಕೊಂಡ ದಿನವೇ ಅದೇ ಅಂಗಡಿಯಿಂದ ಎರಡು ಹ್ಯಾಂಗರುಗಳನ್ನು ಕೊಂಡು, ಒಂದನ್ನು ಮನೆಯಲ್ಲಿಟ್ಟು ಇನ್ನೊಂದನ್ನು ಸೀಟಿನ ಕೆಳಗಿನ ಚೀಲದಲ್ಲಿ ಹಾಕಿಕೊಳ್ಳಬೇಕು.