ನರವಿಜ್ಞಾನ ಓದಲು ಹೊರಟ ಮಗಳಿಗೆ

ಪುಟ್ಟಿ, ಜಯನಗರದ ಮನೆಯಿಂದಲೇ ಓಡಾಡಿಕೊಂಡು ಖಾಸಗಿ ವಿಶ್ವವಿದ್ಯಾಲಯದಲ್ಲಿ ನರವಿಜ್ಞಾನ ಓದುತ್ತೇನೆ ಅಂದೆಯಲ್ಲ, ಈ ದೊಡ್ಡಮ್ಮನಿಗೆ ನಿಜಕ್ಕೂ ಸಂತೋಷವಾಯಿತು. ಇಷ್ಟು ವರ್ಷ ಶರೀರಶಾಸ್ತ್ರ ಕಲಿಸಿದವಳಾಗಿ ನಿನಗೆ ಹೇಳಲೇಬೇಕಾದದ್ದು ಕೆಲವಿದೆ.

• ಕೋರ್ಸಿನ ಹೆಸರಿನಲ್ಲಿ ‘ನ್ಯೂರೋ’ ಇದೆ ಎಂದು ಸೇರಿಬಿಡಬೇಡ. ಫೀಸು ಕಟ್ಟುವ ಮೊದಲು ಸಿಲಬಸ್ ಕೇಳಿ ತೆಗೆದುಕೊ. ವಾರಕ್ಕೆ ಎಷ್ಟು ಪ್ರಾಕ್ಟಿಕಲ್, ಪಾಠ ಮಾಡುವವರು ಸ್ವತಃ ಸಂಶೋಧನೆ ಮಾಡುತ್ತಾರಾ, ಕೊನೆಯ ವರ್ಷದ ಪ್ರಾಜೆಕ್ಟನ್ನು ಯಾವ ಲ್ಯಾಬಿನಲ್ಲಿ ಮಾಡಿಸುತ್ತಾರೆ ಎಂದು ವಿಚಾರಿಸು. ವಿಶ್ವವಿದ್ಯಾಲಯ ಯುಜಿಸಿ ಪಟ್ಟಿಯಲ್ಲಿ ಇದೆಯೇ ನೋಡು. ಸೀನಿಯರ್ ಹುಡುಗಿಯರನ್ನು ಕ್ಯಾಂಟೀನಿನಲ್ಲಿ ಮಾತಾಡಿಸು; ಅಡ್ಮಿಷನ್ ಕೌಂಟರಿನಲ್ಲಿ ಸಿಗದ ಉತ್ತರಗಳು ಅಲ್ಲಿ ಸಿಗುತ್ತವೆ.

• ಈ ಡಿಗ್ರಿಯಿಂದ ರೋಗಿಗಳಿಗೆ ಚಿಕಿತ್ಸೆ ಕೊಡುವ ಅಧಿಕಾರ ಬರುವುದಿಲ್ಲ. ನ್ಯೂರಾಲಜಿಸ್ಟ್ ಆಗಬೇಕಾದರೆ ಎಂಬಿಬಿಎಸ್‌ನಿಂದ ಶುರುಮಾಡಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇರುವ ಕೋರ್ಸೇ ಆಗಬೇಕು. ನಿನ್ನದು ಸಂಶೋಧನೆಯ ದಾರಿ. ಇದನ್ನು ಅಪ್ಪನಿಗೂ ಈಗಲೇ ಬಿಡಿಸಿ ಹೇಳು.

• ಗಣಿತ ಬಿಡಬೇಡ. ನರಕೋಶದಲ್ಲಿ ವಿದ್ಯುತ್ ಸಂಕೇತ ಹೇಗೆ ಹುಟ್ಟುತ್ತದೆಂಬುದನ್ನು ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ 1952ರಲ್ಲಿ ವಿವರಿಸಿದ್ದೇ ಸಮೀಕರಣಗಳ ಮೂಲಕ. ಸಂಖ್ಯಾಶಾಸ್ತ್ರ, ಪೈಥಾನ್ ಎರಡನ್ನೂ ಮೊದಲ ವರ್ಷದಲ್ಲೇ ಹಿಡಿ. ಕಾಲೇಜಿನಲ್ಲಿ ಕಲಿಸದಿದ್ದರೆ ಎನ್‌ಪಿಟಿಇಎಲ್ ಪಾಠಗಳು ಪುಕ್ಕಟೆ ಸಿಗುತ್ತವೆ.

• ಹೊಸೂರು ರಸ್ತೆಯ ನಿಮ್ಹಾನ್ಸ್ ನಮ್ಮ ಮನೆಯಿಂದ ಎಷ್ಟು ದೂರ ಹೇಳು? ಮೈಸೂರು ಸಂಸ್ಥಾನದ ಕಾಲದ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಒಂದಾಗಿ 1974ರಲ್ಲಿ ಅದು ಹುಟ್ಟಿತು. 1995ರಿಂದ ಅಲ್ಲಿ ಮಿದುಳು ಬ್ಯಾಂಕ್ ಇದೆ. ತೀರಿಹೋದವರ ಮನೆಯವರು ದಾನ ಕೊಟ್ಟ ಮಿದುಳುಗಳನ್ನು ಸಂಶೋಧನೆಗಾಗಿ ಕಾಪಾಡಿಡುತ್ತಾರೆ. ಅಲ್ಲೇ ಇರುವ ಮಿದುಳಿನ ಮ್ಯೂಸಿಯಂ ಸಾರ್ವಜನಿಕರಿಗೂ ತೆರೆದಿದೆ. ಯಾವ ದಿನ ಬರಬಹುದೆಂದು ಫೋನ್ ಮಾಡಿ ಕೇಳಿಕೊಂಡು ಹೋಗು. ನಿಜವಾದ ಮಿದುಳನ್ನು ಕೈಯಲ್ಲಿ ಹಿಡಿದು ನೋಡು. ಸುಮಾರು 1,300 ಗ್ರಾಂ ತೂಕದ ಅದು ಒಬ್ಬ ಮನುಷ್ಯನ ಇಡೀ ಬದುಕಾಗಿತ್ತು. ಅದನ್ನು ಕೊಟ್ಟ ಮನೆಯವರ ಮೇಲೆ ಗೌರವ ಇಟ್ಟುಕೊಂಡೇ ಈ ವಿಷಯ ಓದಬೇಕು ಕಣೇ.

• ಪ್ರಬಂಧಗಳನ್ನು ಓದುವುದು ಕಲಿ. ಸುವರ್ಣ ಅಲ್ಲಾಡಿ ಮತ್ತವರ ಸಂಗಡಿಗರು 2013ರಲ್ಲಿ ಪ್ರಕಟಿಸಿದ ಹೈದರಾಬಾದಿನ ಅಧ್ಯಯನದಿಂದ ಶುರುಮಾಡು. ಅಲ್ಲಾಡಿಯವರು ಈಗ ನಮ್ಮ ನಿಮ್ಹಾನ್ಸ್‌ನಲ್ಲೇ ನ್ಯೂರಾಲಜಿ ಪ್ರೊಫೆಸರ್. ಡಿಮೆನ್ಷಿಯಾ ಬಂದ 648 ಜನರನ್ನು ನೋಡಿದಾಗ, ಒಂದೇ ಭಾಷೆ ಆಡುವವರಿಗಿಂತ ಎರಡು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹ ಬಾರದವರಲ್ಲೂ ಹಾಗೆಯೇ. ಮೂರನೆಯ ಭಾಷೆಯಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಅಡುಗೆಮನೆಯಲ್ಲಿ ಕನ್ನಡ, ಪಕ್ಕದ ಮನೆಯವರೊಡನೆ ತೆಲುಗು ಆಡುವ ನಿನ್ನ ಅಜ್ಜಿ ಇದನ್ನು ಕೇಳಿದರೆ ಹಿಗ್ಗುತ್ತಾಳೆ. ನೀನು ಮಾತ್ರ ಅಷ್ಟಕ್ಕೇ ನಿಲ್ಲಬೇಡ. ಎರಡು ಭಾಷೆಯವರ ಓದು, ಕಸುಬು, ಊರು ಬೇರೆಯಾಗಿತ್ತೇ? ಅದನ್ನು ಲೆಕ್ಕದಲ್ಲಿ ಹೇಗೆ ಸರಿದೂಗಿಸಿದರು? ಆಸ್ಪತ್ರೆಗೆ ಬಾರದೇ ಉಳಿದವರ ಕಥೆಯೇನು? ಪ್ರತಿ ಪ್ರಬಂಧಕ್ಕೂ ಇಂಥ ಪ್ರಶ್ನೆ ಹಾಕು.

• ಕನ್ನಡವನ್ನು ಚೆನ್ನಾಗಿ ಇಟ್ಟುಕೊ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರ ನೆನಪು, ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸುತ್ತಿದ್ದಾರೆ. ಹಳ್ಳಿಯ ರೈತನ ನೆನಪಿನ ಶಕ್ತಿಯನ್ನು ಇಂಗ್ಲಿಷಿನಲ್ಲಿ ಅಳೆಯಲು ಆಗುತ್ತದೆಯೇ? ಆ ಕೆಲಸಕ್ಕೆ ನಿನ್ನಂಥವರು ಬೇಕು.

• ರಾತ್ರಿ ನಿದ್ದೆಗೆಟ್ಟು ಓದಬೇಡ. ಕಲಿತದ್ದು ನೆನಪಾಗಿ ಗಟ್ಟಿಯಾಗಲು ನಿದ್ದೆ ಬೇಕೆಂದು ನಿನ್ನ ಪಠ್ಯವೇ ಹೇಳುತ್ತದೆ.

• ಪಿಎಚ್‌ಡಿ ಆಸೆ ಇದ್ದರೆ ಸಿಎಸ್‌ಐಆರ್-ಯುಜಿಸಿ ನೆಟ್, ಗೇಟ್ ಎರಡರ ಹಳೆಯ ಪ್ರಶ್ನೆಪತ್ರಿಕೆಗಳನ್ನೂ ಈಗಿನಿಂದಲೇ ಬಿಡಿಸು.

• ರಜೆ ಬಂತೆಂದರೆ ಬೇರೆ ಲ್ಯಾಬಿಗೆ ಹೋಗು. ಖಾಸಗಿ ಕಾಲೇಜುಗಳಲ್ಲಿ ದೊಡ್ಡ ಉಪಕರಣಗಳು ಕಡಿಮೆ, ನಮ್ಮ ಊರಿನ ಸಂಶೋಧನಾ ಸಂಸ್ಥೆಗಳಲ್ಲಿ ಧಾರಾಳವಾಗಿವೆ. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಫೆಲೋಶಿಪ್ಪಿಗೆ ಅರ್ಜಿ ಹಾಕು. ಭಾರತೀಯ ವಿಜ್ಞಾನ ಸಂಸ್ಥೆಗೆ ಹಸಿರು ಮಾರ್ಗದ ಮೆಟ್ರೊದಲ್ಲಿ ಯಶವಂತಪುರದಲ್ಲಿ ಇಳಿದು ಆಟೊ ಹಿಡಿಯಬಹುದು. ಬಳ್ಳಾರಿ ರಸ್ತೆಯಲ್ಲಿರುವ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್ ದೂರವೇ. ಅಲ್ಲಿ ಅವಕಾಶ ಸಿಕ್ಕರೆ ಆ ಕಡೆಯೇ ಪಿಜಿ ನೋಡೋಣ. ಪ್ರೊಫೆಸರಿಗೆ ಬರೆಯುವಾಗ ಅವರ ಒಂದು ಪ್ರಬಂಧವನ್ನಾದರೂ ಪೂರ್ತಿ ಓದಿರು. ನಿನಗೆ ಎಲ್ಲಿ ಅರ್ಥವಾಗಲಿಲ್ಲವೆಂದು ನಾಲ್ಕು ಸಾಲಿನಲ್ಲಿ ಕೇಳು. ಎಲ್ಲರಿಗೂ ಒಂದೇ ಪತ್ರ ಕಳಿಸಬೇಡ. ಉತ್ತರ ಬಾರದಿದ್ದರೆ ಎರಡು ವಾರ ಬಿಟ್ಟು ಒಮ್ಮೆ ನೆನಪಿಸು, ಆಮೇಲೆ ಮುಂದಿನವರಿಗೆ ಬರೆ.