ಮಾತು ಬಲ್ಲವರಿಗೆ ಅಕ್ಷರ

ತಿರುವನಂತಪುರದ ಚಾಲೈ ಬಜಾರಿನ ಆಸುಪಾಸಿನಲ್ಲಿ ಬೆಳೆಯುತ್ತಿರುವ ಕನ್ನಡದ ಮನೆಯ ಮಕ್ಕಳೇ, ಅಜ್ಜಿಯೊಡನೆ ಕನ್ನಡ ಆಡುತ್ತೀರಿ, ಓದಲು ಬಾರದು. ಹಾಗೆಂದು ‘ನಿನ್ನ ಹೆಸರೇನು’ ಪಾಠದಿಂದ ಶುರುಮಾಡಬೇಡಿ. ಮನೆಯಲ್ಲಿ ಚೀನೀ ಮಾತಾಡಿ ಬೆಳೆದವರಿಗೆಂದೇ ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳು ಬೇರೆ ತರಗತಿ ನಡೆಸಿ, ವರ್ಷದ ಪಾಠವನ್ನು ಅರ್ಧ ವರ್ಷದಲ್ಲಿ ಮುಗಿಸುತ್ತವೆ. ಅವರೆದುರು ಸಾವಿರಾರು ಲಿಪಿಚಿಹ್ನೆಗಳಿವೆ. ನಿಮ್ಮ ದಾರಿ ಸಲೀಸು: ಶಾಲೆಯಲ್ಲಿ ಕಲಿತ ಮಲಯಾಳದ ವರ್ಣಮಾಲೆಯ ಕ್ರಮವೇ ಕನ್ನಡದ್ದೂ.

ಎಚ್ಚರ ಬೇಕಾದದ್ದು ಕ್ರಿಯಾಪದದಲ್ಲಿ. ಮಲಯಾಳದಲ್ಲಿ ಯಾರು ಬಂದರೂ ‘ವನ್ನು’ ಒಂದೇ. ಕನ್ನಡದಲ್ಲಿ ಬಂದೆ, ಬಂದಳು, ಬಂದರು. ಮಾತಿನಲ್ಲಿ ತೇಲಿಹೋಗುವ ತಪ್ಪು ಬರೆದಾಗ ಎದ್ದು ಕಾಣುತ್ತದೆ. ಆದ್ದರಿಂದ ಬರೆಯಿರಿ. ಚಾಲೈಯಿಂದ ತರಬೇಕಾದ ಸಾಮಾನಿನ ಚೀಟಿ ಕನ್ನಡದಲ್ಲಿರಲಿ. ರಾತ್ರಿ, ಯಾರು ಬಂದರು, ಏನು ತಂದರು ಎಂದು ನಾಲ್ಕು ಸಾಲು ಬರೆದು ಅಜ್ಜಿಗೆ ಓದಿಹೇಳಿ. ತಿದ್ದುವ ಕೆಲಸ ಅವರಿಗೇ ಬಿಡಿ.