ಕಾಂಪೋಸಿಟ್ ವಿಮಾನ ಭಾಗಗಳ ಜೋಡಣೆ: ದರಪಟ್ಟಿಗೆ ಮುನ್ನ ತಿಳಿಯಬೇಕಾದುದು

ಇಂಗಾಲದ ಎಳೆಗಳನ್ನು ರಾಳದೊಡನೆ ಪದರಪದರವಾಗಿ ಹಾಸಿ, ಶಾಖ ಹಾಗೂ ಒತ್ತಡದಲ್ಲಿ ಗಟ್ಟಿಗೊಳಿಸಿದ ಕಾಂಪೋಸಿಟ್ ಭಾಗಗಳು ವಿಮಾನ ನಿರ್ಮಾಣದಲ್ಲಿ ಅಲ್ಯೂಮಿನಿಯಂನ ಸ್ಥಾನವನ್ನು ಬಹುಮಟ್ಟಿಗೆ ಪಡೆದಿವೆ. ಬೋಯಿಂಗ್ 787ರ ತೂಕದಲ್ಲಿ ಸುಮಾರು ಶೇ. 50 ಭಾಗ ಇದೇ ವಸ್ತು. ಇಂತಹ ಭಾಗಗಳಿಗೆ ರಂಧ್ರ ಕೊರೆದು ಜೋಡಿಸುವ ಜಾಬ್ ವರ್ಕ್ ವಹಿಸಿಕೊಳ್ಳಲಿಚ್ಛಿಸುವ ಸದಸ್ಯರು ಅಲ್ಯೂಮಿನಿಯಂ ಕೆಲಸದ ದರವನ್ನೇ ಆಧಾರವಾಗಿಟ್ಟುಕೊಂಡರೆ ನಷ್ಟ ತಪ್ಪದು.

ಅಲ್ಯೂಮಿನಿಯಂ ಹಾಳೆಗಳ ನಡುವೆ ಅಲ್ಪ ಅಂತರವಿದ್ದರೆ ಬೋಲ್ಟ್ ಬಿಗಿದಾಗ ಲೋಹವು ತುಸು ಬಾಗಿ ಹೊಂದಿಕೊಳ್ಳುತ್ತದೆ. ಕಾಂಪೋಸಿಟ್ ಹಾಗೆ ಮಣಿಯದು. ಬಲವಂತವಾಗಿ ಎಳೆದರೆ ಒಳಪದರಗಳು ಬಿಟ್ಟುಕೊಳ್ಳಬಹುದು. ಆದುದರಿಂದ ಅಂತರವನ್ನು ಅಳೆದು, ಶಿಮ್ ಎಂಬ ತೆಳುಪಟ್ಟಿಯಿಂದಲೋ ಗಟ್ಟಿಯಾಗುವ ದ್ರವದಿಂದಲೋ ತುಂಬಬೇಕಾಗುತ್ತದೆ. 787ರಲ್ಲಿ ಅಂತರದ ಮಿತಿ ಒಂದು ಅಂಗುಲದ ಸಾವಿರದಲ್ಲಿ ಐದು ಭಾಗ, ಅಂದರೆ ಸುಮಾರು 0.13 ಮಿ.ಮೀ. 2020ರಲ್ಲಿ ಒಡಲಿನ ಹಿಂಭಾಗದ ಸಂದುಗಳಲ್ಲಿ ಶಿಮ್‌ನ ಅಳತೆ ಹಾಗೂ ಒಳಮೈಯ ಸಮತಟ್ಟು ಎರಡೂ ತಪ್ಪಿದ್ದ 8 ವಿಮಾನಗಳನ್ನು ಹಾರಾಟದಿಂದ ಹಿಂತೆಗೆಯಲಾಯಿತು. ಮುಂದಿನ ತಪಾಸಣೆಗಳಲ್ಲಿ ಇನ್ನಷ್ಟು ದೋಷಗಳು ಹೊರಬಂದು, 2021ರ ಮೇ ತಿಂಗಳಿನಿಂದ 2022ರ ಆಗಸ್ಟ್‌ವರೆಗೆ ವಿಮಾನಗಳ ಹಸ್ತಾಂತರವೇ ನಿಂತಿತು. ವಿಳಂಬ ಮತ್ತು ಗ್ರಾಹಕರ ಪರಿಹಾರದ ಬಾಬ್ತು ಕಂಪನಿಯು 2022ರ ಜನವರಿಯಲ್ಲಿ 350 ಕೋಟಿ ಡಾಲರುಗಳ ಹೊರೆಯನ್ನು ಪ್ರಕಟಿಸಿತು.

ಬೋಲ್ಟ್ ಬಿಟ್ಟು ಅಂಟಿನಿಂದಲೇ ಜೋಡಿಸಬಾರದೇ ಎಂಬ ಪ್ರಶ್ನೆ ಸಹಜ. ಶ್ರವಣಾತೀತ ತರಂಗಗಳ ಪರೀಕ್ಷೆಯು ಅಂಟಿನೊಳಗಿನ ಟೊಳ್ಳನ್ನು ತೋರಿಸುತ್ತದೆಯೇ ಹೊರತು ಅಂಟಿನ ಬಲವನ್ನು ಅಳೆಯಲಾರದು. ಹೀಗಾಗಿ ಮೇಲ್ಮೈಯ ಶುದ್ಧತೆ, ಶಾಖ, ಅವಧಿ ಇವುಗಳ ದಾಖಲೆಯೇ ಗುಣಮಟ್ಟದ ಮುಖ್ಯ ಸಾಕ್ಷ್ಯ. ಅಂಟಿನ ಹಾಳೆಯನ್ನು ಸಾಮಾನ್ಯವಾಗಿ ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಶೈತ್ಯದಲ್ಲಿ ಇಡಬೇಕು. ಹೊರಗಿದ್ದ ಗಂಟೆಗಳನ್ನೂ ಬರೆದಿಡಬೇಕು. ಅವಧಿ ಮೀರಿದ ಸರಕು ನೋಡಲು ಹೊಸದರಂತೆಯೇ ಇರುತ್ತದೆ. ಅದನ್ನು ಖರೀದಿ ಬೆಲೆಗೇ ದಾಸ್ತಾನಿನಲ್ಲಿ ತೋರಿಸಿದ ಲೆಕ್ಕಗಳನ್ನು ಈ ಲೇಖಕನು ಕಂಡಿದ್ದಾನೆ! ಸಂದುಗಳನ್ನೇ ಕಡಿಮೆ ಮಾಡುವ ಮಾರ್ಗವೂ ಉಂಟು: ಬೆಂಗಳೂರಿನ ಎನ್‌ಎಎಲ್ ಸಂಸ್ಥೆಯು ತೇಜಸ್ ವಿಮಾನದ ಬಾಲದ ನೆಟ್ಟನೆಯ ರೆಕ್ಕೆಗೆ, ಹೊದಿಕೆಯನ್ನೂ ಒಳಗಿನ ಆಧಾರಗಳನ್ನೂ ಒಟ್ಟಿಗೇ ಬೇಯಿಸಿ ಒಂದಾಗಿಸುವ ವಿಧಾನವನ್ನು ರೂಪಿಸಿತು.

ಇನ್ನು ದರದ ವಿಚಾರ. ಇಂಗಾಲದ ಎಳೆಯು ಡ್ರಿಲ್ ಬಿಟ್ಟನ್ನು ಬೇಗ ಸವೆಸುತ್ತದೆ. ಮೊಂಡಾದ ಬಿಟ್ಟು ರಂಧ್ರದ ಹೊರಬಾಯಿಯಲ್ಲಿ ಪದರ ಕೀಳುತ್ತದೆ. ಬಿಟ್ಟಿನ ವೆಚ್ಚವನ್ನು ಎಲ್ಲರೂ ಸೇರಿಸುತ್ತಾರೆ. ಮರೆಯುವುದು ಗ್ರಾಹಕನೇ ಒದಗಿಸಿದ ಭಾಗದ ಬೆಲೆಯನ್ನು. ಲೆಕ್ಕದ ಅನುಕೂಲಕ್ಕಾಗಿ ಭಾಗದ ಬೆಲೆ ರೂ. 2,00,000, ರಂಧ್ರಗಳು 80, ರಂಧ್ರಕ್ಕೆ ಕೂಲಿ ರೂ. 60 ಎಂದಿಟ್ಟುಕೊಳ್ಳೋಣ. ಒಂದು ಭಾಗಕ್ಕೆ ದೊರೆಯುವ ಕೂಲಿ ರೂ. 4,800. ಒಂದು ಭಾಗ ತಿರಸ್ಕೃತವಾಗಿ ಪೂರ್ಣ ಬೆಲೆಗೆ ಡೆಬಿಟ್ ನೋಟ್ ಬಂದರೆ 41ಕ್ಕೂ ಹೆಚ್ಚು ಭಾಗಗಳ ಕೂಲಿ, ಲಾಭವಲ್ಲ, ಪೂರ್ತಿ ಕೂಲಿಯೇ ಕೈಬಿಟ್ಟಂತೆ. ಆದಕಾರಣ ತಿರಸ್ಕೃತ ಭಾಗದ ಹೊಣೆಗೆ ಮೊತ್ತದ ಮಿತಿ, ದುರಸ್ತಿಗೆ ಅವಕಾಶ, ಭಾಗವನ್ನು ಪಡೆದಾಗಲೇ ಜಂಟಿ ತಪಾಸಣೆ, ಈ ಮೂರನ್ನು ಒಪ್ಪಂದದಲ್ಲಿ ಬರೆಸಿಕೊಂಡ ನಂತರವೇ ದರ ನಮೂದಿಸುವುದು ಉಚಿತ.